ಹಿರಿಯರ ಬಿಪಿ, ಶುಗರ್ ಬೇಗ ಗುರುತಿಸುವುದು: ಕಟ್ಟೆಯ ಮಾತಿನಿಂದ ಎರಡನೆಯ ಅಳತೆಯವರೆಗೆ

“ನನಗೇನಾಗೈತ್ರಿ, ಗಟ್ಟಿಮುಟ್ಟ ಅದೀನಿ. ಈಗಷ್ಟ ಹೊಲಕ್ಕ ಹೋಗಿ ಬಂದೀನಿ.” ಕೊಪ್ಪಳ ಜಿಲ್ಲೆಯ ಯಾವ ಊರಿನ ಕಟ್ಟೆಯ ಮೇಲೆ ಬಿಪಿ ಯಂತ್ರ ತೆರೆದಿಟ್ಟು ಕುಳಿತರೂ ಮೊದಲು ಕೇಳಿಬರುವುದು ಈ ಮಾತೇ. ಇದನ್ನು ಹಟವೆಂದಾಗಲಿ ತಿಳಿಗೇಡಿತನವೆಂದಾಗಲಿ ಭಾವಿಸಬಾರದು. ಐವತ್ತು ವರ್ಷ ಮಣ್ಣಿನಲ್ಲಿ ದುಡಿದವರ ಲೆಕ್ಕದಲ್ಲಿ ರೋಗವೆಂದರೆ ಹಾಸಿಗೆ ಹಿಡಿಸುವಂಥದ್ದು, ಕೆಲಸ ಬಿಡಿಸುವಂಥದ್ದು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳು ಎಷ್ಟೋ ವರ್ಷ ಅಂಥದ್ದೇನನ್ನೂ ಮಾಡದೆ ಒಳಗೊಳಗೇ ಕಣ್ಣು, ಮೂತ್ರಪಿಂಡ, ಹೃದಯ ಮತ್ತು ಮಿದುಳಿನ ರಕ್ತನಾಳಗಳನ್ನು ಸವೆಸುತ್ತಿರುತ್ತವೆ. ನೋವಿಲ್ಲವೆಂದರೆ ರೋಗವಿಲ್ಲ ಎಂಬ ಈ ಒಂದು ನಂಬಿಕೆಯನ್ನು ದಾಟಿಸದೆ ಎಷ್ಟು ಕರಪತ್ರ ಹಂಚಿದರೂ ಫಲವಿಲ್ಲ.

ಹಲವು ವರ್ಷ ಈ ಭಾಗದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ತಿರುಗಿದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಹಿರಿಯರಿಗೆ ತಿಳಿವಳಿಕೆ ಮೂಡುವುದು ಭಾಷಣ ಕೇಳಿದಾಗಲ್ಲ, ತಮ್ಮದೇ ಅಂಕಿಯನ್ನು ತಮ್ಮ ಕೈಯಲ್ಲಿ ಹಿಡಿದಾಗ. ಆ ಅಂಕಿಯೂ ಒಂದೇ ಸಲ ಸಿಕ್ಕರೆ ಸಾಲದು, ಸರಿಯಾದ ಕ್ರಮದಲ್ಲಿ ಇನ್ನೊಮ್ಮೆ ಅಳೆದು ಖಚಿತವಾಗಬೇಕು. ಮೊದಲ ಅಳತೆ ಮತ್ತು ಎರಡನೆಯ ಅಳತೆಯ ನಡುವೆಯೇ ಹೆಚ್ಚಿನವರು ಕೈತಪ್ಪುತ್ತಾರೆ. ಸ್ವಸಹಾಯ ಸಂಘದ ಸದಸ್ಯೆಯರು, ಯುವಕ ಸಂಘದವರು, ನಿವೃತ್ತ ಶಿಕ್ಷಕರು, ಮನೆಯಲ್ಲಿ ವಯಸ್ಸಾದ ತಂದೆತಾಯಿಯರಿರುವ ಮಕ್ಕಳು, ಇವರೆಲ್ಲರೂ ಮಾಡಬಹುದಾದ ಕೆಲಸವನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲ ಹಂತ: ಊರಿಗೆ ಹೋಗುವ ಮುನ್ನ

ಮೊದಲು ಆ ಊರಿನ ಆಶಾ ಕಾರ್ಯಕರ್ತೆಯನ್ನೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರವಾದ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿಯನ್ನೂ ಕಾಣಬೇಕು. 30 ವರ್ಷ ದಾಟಿದ ಎಲ್ಲರನ್ನೂ ಬಿಪಿ, ಶುಗರ್‌ಗಾಗಿ ತಪಾಸಣೆ ಮಾಡುವುದು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಭಾಗವೇ ಆಗಿರುವುದರಿಂದ ಮನೆಮನೆಯ ಪಟ್ಟಿ ಅವರ ಬಳಿ ಇರುತ್ತದೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಮನೆತನದಲ್ಲಿ ಕಾಯಿಲೆ ಇದೆಯೇ ಎಂಬುದನ್ನು ಕೇಳಿ ಅಂಕ ಹಾಕುವ ನಮೂನೆಯನ್ನು ಆಶಾ ತುಂಬುತ್ತಾರೆ. ಅಂಕ 4ನ್ನು ಮೀರಿದವರನ್ನು ತಪಾಸಣೆಗೆ ಮೊದಲು ಕರೆಯಬೇಕು. ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯ ಉದ್ದೇಶವೂ ಇಂಥ ತಪಾಸಣೆಯನ್ನು ಮನೆಬಾಗಿಲಿಗೆ ತರುವುದೇ. ನಿಮ್ಮ ಕೆಲಸ ಈ ವ್ಯವಸ್ಥೆಗೆ ಜೋಡಿಯಾಗಿರಬೇಕೇ ಹೊರತು ಪ್ರತ್ಯೇಕ ಶಿಬಿರವಾಗಿ ಉಳಿಯಬಾರದು. ಅಂಕಿ ಹೆಚ್ಚು ಬಂದವರನ್ನು ಯಾವ ದಿನ, ಎಲ್ಲಿಗೆ, ಯಾರ ಹತ್ತಿರ ಕಳಿಸುವುದೆಂದು ನಿಶ್ಚಯವಾಗದೆ ಯಂತ್ರವನ್ನು ಹೊರಗೆ ತೆಗೆಯಲೇಬೇಡಿ. ಹೆದರಿಸಿ ಕೈಬಿಡುವುದಕ್ಕಿಂತ ಅಳೆಯದಿರುವುದೇ ಲೇಸು.

ದಿನ ಮತ್ತು ಹೊತ್ತಿನ ಆಯ್ಕೆಯೂ ಮುಖ್ಯ. ಸಂತೆಯ ದಿನ, ಭತ್ತದ ನಾಟಿ ಅಥವಾ ಕಟಾವು ಬಿರುಸಾಗಿರುವ ವಾರ, ಹುಲಿಗೆಮ್ಮನ ಹುಣ್ಣಿಮೆ, ಗವಿಮಠದ ಜಾತ್ರೆ ಇವುಗಳನ್ನು ಬಿಟ್ಟು ದಿನ ಗೊತ್ತುಮಾಡಿ. ಸಂಧ್ಯಾ ಸುರಕ್ಷಾ ಪಿಂಚಣಿ ಪಡೆಯಲು ಅಂಚೆ ಕಚೇರಿಗೋ ಬ್ಯಾಂಕಿಗೋ ಹಿರಿಯರು ಬರುವ ದಿನ ಎಲ್ಲರೂ ಒಂದೇ ಕಡೆ ಸಿಗುತ್ತಾರೆಂಬುದು ನಿಜ. ಆದರೆ ಅಂದು ಅವರು ಬಿಸಿಲಲ್ಲಿ ನಿಂತು, ಗದ್ದಲದಲ್ಲಿ ದಣಿದು, ಹಣದ ಚಿಂತೆಯಲ್ಲಿರುತ್ತಾರೆ. ಅಲ್ಲಿ ವಿಷಯ ತಿಳಿಸಿ, ದಿನಾಂಕ ಹೇಳಿ. ಅಳತೆ ಮಾತ್ರ ಬೇಡ. ಬೆಳಗಿನ ಆರೂವರೆಯಿಂದ ಒಂಬತ್ತರವರೆಗಿನ ಹೊತ್ತು ಉತ್ತಮ, ಖಾಲಿ ಹೊಟ್ಟೆಯ ಸಕ್ಕರೆಯನ್ನೂ ಆಗಲೇ ನೋಡಬಹುದು. ಬಳ್ಳಾರಿ ಮತ್ತು ರಾಯಚೂರು ಕಡೆಯ ಅನೇಕ ಊರುಗಳಲ್ಲಿ ತೆಲುಗು ಇಲ್ಲವೇ ಉರ್ದು ಮನೆಮಾತಿನ ಹಿರಿಯರಿದ್ದಾರೆ. ಆ ಮಾತು ಬಲ್ಲ, ಅದೇ ಓಣಿಯ ಒಬ್ಬರು ಜೊತೆಗಿರಲಿ.

ಸಾಮಗ್ರಿ ಹೆಚ್ಚೇನೂ ಬೇಡ. ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಬಿಪಿ ಯಂತ್ರ, ಅದಕ್ಕೆ ಮಧ್ಯಮ ಮತ್ತು ದೊಡ್ಡ ಅಳತೆಯ ಎರಡು ಪಟ್ಟಿಗಳು, ಬೆರಳ ಹನಿಯಿಂದ ಸಕ್ಕರೆ ಅಳೆಯುವ ಗ್ಲುಕೋಮೀಟರ್, ಅದಕ್ಕೆ ಅವಧಿ ಮುಗಿಯದ ಸ್ಟ್ರಿಪ್‌ಗಳು, ಪ್ರತಿಯೊಬ್ಬರಿಗೂ ಹೊಸದಾಗಿ ಒಂದು ಸೂಜಿ, ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬಿ, ಹತ್ತಿ, ಸೋಪು, ನೀರು, ಅಳತೆ ಟೇಪು, ಬೆನ್ನಿಗೆ ಆಸರೆಯಿರುವ ಕುರ್ಚಿ ಮತ್ತು ಒಂದು ಮೇಜು. ಮಣಿಕಟ್ಟಿಗೆ ಕಟ್ಟುವ ಬಿಪಿ ಯಂತ್ರವನ್ನು ನಾನು ಬಳಸುವುದಿಲ್ಲ. ಕೈ ಸ್ವಲ್ಪ ಮೇಲೆ ಕೆಳಗಾದರೂ ಅಂಕಿ ಬದಲಾಗುತ್ತದೆ. ರಾಯಚೂರಿನ ಏಪ್ರಿಲ್–ಮೇ ಬಿಸಿಲಿನಲ್ಲಿ ಬೈಕಿನ ಡಬ್ಬಿಯೊಳಗಿಟ್ಟ ಸ್ಟ್ರಿಪ್‌ಗಳು ಕೆಡುತ್ತವೆ. ಸಾಮಾನ್ಯವಾಗಿ ಅವನ್ನು 30 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ, ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ಇಡಬೇಕು.

ಎರಡನೆಯ ಹಂತ: ಮಾತು

ನೆಲದ ಅನುಭವದಿಂದಲೇ ಮಾತು ಶುರುವಾಗಲಿ. ತುಂಗಭದ್ರಾ ಅಚ್ಚುಕಟ್ಟಿನ ಹಿರಿಯರಿಗೆ ಕಾಲುವೆಯ ವಿಷಯವನ್ನು ಯಾರೂ ಕಲಿಸಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದದ್ದು ಅವರೆಲ್ಲರಿಗೂ ನೆನಪಿದೆ. “ಆ ಸರಪಳಿ ಹಿಂದಿನ ದಿನ ಸದ್ದು ಮಾಡಿತ್ತೇನು ತಾತಾ? ನೀರಿನ ಒತ್ತಡ ದಿನಾ ಇತ್ತು, ಕಬ್ಬಿಣ ದಿನಾ ಸವೀತಿತ್ತು, ನೋಡಾಕ ಮಾತ್ರ ಗಟ್ಟಿ ಇತ್ತು” ಎಂದರೆ ರಕ್ತದೊತ್ತಡದ ಅರ್ಧ ಪಾಠ ಮುಗಿದಂತೆ. ತಲೆನೋವು, ತಲೆಸುತ್ತು ಬಂದಾಗ ಮಾತ್ರ ಬಿಪಿ ಇದೆ ಎಂಬ ತಪ್ಪು ತಿಳಿವಳಿಕೆಯನ್ನು ಇದೊಂದೇ ಮಾತು ಎಷ್ಟೋ ಮಟ್ಟಿಗೆ ಸಡಿಲಿಸುತ್ತದೆ.

ಸಕ್ಕರೆ ಕಾಯಿಲೆಗೆ ಕಾಲುವೆಯ ಕೊನೆಭಾಗದ ಹೊಲವನ್ನು ತೋರಿಸಿ. ಎಡದಂಡೆ ಕಾಲುವೆ ತುಂಬಿ ಹರಿಯುತ್ತಿದ್ದರೂ ತೂಬು ತೆರೆಯದಿದ್ದರೆ ಹೊಲ ಒಣಗುತ್ತದೆ ಎಂಬ ಸಂಕಟ ಸಿಂಧನೂರು, ಮಾನ್ವಿ, ಸಿರವಾರ ಕಡೆಯವರಿಗೆ ಚೆನ್ನಾಗಿ ಗೊತ್ತು. ದೇಹದಲ್ಲಿಯೂ ಹಾಗೆಯೇ: ರಕ್ತದಲ್ಲಿ ಸಕ್ಕರೆ ತುಂಬಿ ಹರಿಯುತ್ತದೆ, ಇನ್ಸುಲಿನ್ ಎಂಬ ತೂಬು ತೆರೆಯುವವನು ಸೋತಿರುವುದರಿಂದ ಅದು ಸ್ನಾಯುಗಳೊಳಗೆ ಇಳಿಯುವುದಿಲ್ಲ. ಅದಕ್ಕೇ ಉಂಡರೂ ಸುಸ್ತು, ಮೈ ಇಳಿಯುವುದು. ಹೆಚ್ಚಾದ ನೀರು ಒಡ್ಡು ಕೆಡಿಸುವಂತೆ ಹೆಚ್ಚಾದ ಸಕ್ಕರೆ ರಕ್ತನಾಳಗಳನ್ನು ಕೆಡಿಸುವುದು. ಈ ಹೋಲಿಕೆ ಹೇಳಿದಾಗ ಹಿರಿಯರು ತಾವೇ ಮುಂದಿನ ಪ್ರಶ್ನೆ ಕೇಳುತ್ತಾರೆ: “ಹಂಗಾರ ತೂಬು ಬಿಚ್ಚಾಕ ಏನು ಮಾಡಬೇಕ್ರಿ?” ಉತ್ತರಕ್ಕೆ ಆತುರಪಡದೆ, “ಮೊದಲು ಕಾಲುವ್ಯಾಗ ನೀರು ಎಷ್ಟೈತಿ ನೋಡೂಣು” ಎಂದು ಅಳತೆಗೆ ಕರೆತನ್ನಿ.

ಬಿಪಿ ಎಂದರೆ ಕಿವಿಗೊಡದವರು ಲಕ್ವಾ ಎಂದರೆ ತಿರುಗಿ ನೋಡುತ್ತಾರೆ, ಏಕೆಂದರೆ ಓಣಿಗೆ ಒಬ್ಬರಾದರೂ ಕೈಕಾಲು ಬಿದ್ದವರನ್ನು ಅವರು ಕಂಡಿರುತ್ತಾರೆ. ಆ ಪದವನ್ನು ಒಮ್ಮೆ ಬಳಸಿ, ಪದೇಪದೇ ಬಳಸಿ ಹೆದರಿಸಬೇಡಿ. ಹೆದರಿದ ಹಿರಿಯರು ಮುಂದಿನ ಸಲ ಬಾಗಿಲು ಹಾಕಿಕೊಳ್ಳುತ್ತಾರೆ. ಗುಂಪಿನಲ್ಲಿ ಎಂಟು ಹತ್ತು ಜನರಿಗಿಂತ ಹೆಚ್ಚಿರಬಾರದು, ಮಾತು ಹದಿನೈದು ನಿಮಿಷ ಮೀರಬಾರದು, ಕಿವಿ ಮಂದವಿದ್ದವರನ್ನು ಮುಂದೆ ಕೂರಿಸಬೇಕು.

ಮೂರನೆಯ ಹಂತ: ಬಿಪಿ ಅಳೆಯುವುದು

ಅತಿ ಹೆಚ್ಚು ತಪ್ಪುಗಳು ನಡೆಯುವುದು ಇಲ್ಲಿಯೇ. ಆರಂಭದ ದಿನಗಳಲ್ಲಿ ನಾನೂ ಒಂದು ತಪ್ಪು ಮಾಡಿದೆ. ನೀರಿನ ಕೊಡ ಇಳಿಸಿ ನೇರ ಕಟ್ಟೆಗೆ ಬಂದ ಒಬ್ಬ ಅಜ್ಜಿಯನ್ನು ಹಾಗೆಯೇ ಕೂರಿಸಿದೆ. ಅವರ ಕಾಲು ನೆಲಕ್ಕೆ ಎಟುಕಿರಲಿಲ್ಲ, ಕೈ ಗಾಳಿಯಲ್ಲಿತ್ತು, ಪಕ್ಕದವರೊಡನೆ ಮೊಮ್ಮಗಳ ಮದುವೆಯ ಮಾತು ನಡೆದಿತ್ತು. ಇಳಕಲ್ ಸೀರೆಯ ಕುಪ್ಪಸದ ಬಿಗಿ ತೋಳನ್ನು ಮೇಲಕ್ಕೆ ಸುರುಳಿ ಮಾಡಿ ಪಟ್ಟಿ ಸುತ್ತಿದೆ. ಮೇಲಿನ ಅಂಕಿ (ಹೃದಯ ಸಂಕುಚಿಸಿದಾಗಿನ ಒತ್ತಡ; ಸಡಿಲಿದಾಗಿನದು ಕೆಳಗಿನ ಅಂಕಿ) 168 ಬಂತು. ಸುತ್ತಲಿದ್ದವರೆಲ್ಲ “ಅಯ್ಯಯ್ಯ” ಎಂದರು, ಅಜ್ಜಿಯ ಮುಖ ಬಾಡಿತು. ವಾರದ ನಂತರ ಅವರ ಮನೆಯಲ್ಲಿಯೇ ಸಮಾಧಾನದಿಂದ ಅಳೆದಾಗ 142 ಇತ್ತು. ಕಾಯಿಲೆ ಇದ್ದದ್ದು ನಿಜವೇ, ಆದರೆ ನಾನು ತೋರಿಸಿದಷ್ಟಲ್ಲ. ಆ ದಿನದ ಹೆದರಿಕೆಯಿಂದ ಅವರು ಮುಂದಿನ ಎರಡು ತಿಂಗಳು ಆಸ್ಪತ್ರೆಯ ದಾರಿಯನ್ನೇ ತುಳಿಯಲಿಲ್ಲ. ಆ ಮೇಲೆ ನಾನು ಕ್ರಮವನ್ನು ಎಂದೂ ಬಿಟ್ಟಿಲ್ಲ.

ಅಳೆಯುವ ಮುನ್ನ ಅರ್ಧ ಗಂಟೆ ಚಹಾ, ತಂಬಾಕು, ಬೀಡಿ, ಶ್ರಮದ ಕೆಲಸ ಯಾವುದೂ ಇರಬಾರದು. ಎಲೆಅಡಿಕೆಯೊಡನೆ ತಂಬಾಕು ಬಾಯಲ್ಲಿದ್ದರೆ ಉಗುಳಿಸಿ, ಅರ್ಧ ಗಂಟೆ ಕಾಯಿಸಿ. ಮೂತ್ರಕ್ಕೆ ಹೋಗಿ ಬರಲು ಹೇಳಿ, ತುಂಬಿದ ಮೂತ್ರಕೋಶವೂ ಬಿಪಿಯನ್ನು ಏರಿಸುತ್ತದೆ. ಐದು ನಿಮಿಷ ಮಾತಿಲ್ಲದೆ ಕುರ್ಚಿಯಲ್ಲಿ ಕೂರಿಸಬೇಕು. ಬೆನ್ನಿಗೆ ಆಸರೆ ಇರಲಿ, ಎರಡೂ ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ಕುಳ್ಳಗಿರುವ ಅಜ್ಜಿಯಂದಿರಿಗೆ ಕಾಲಡಿ ಒಂದು ಮಣೆ ಕೊಡಿ. ತೋಳು ಬರಿದಾಗಿರಬೇಕು. ಕುಪ್ಪಸದ ತೋಳನ್ನು ಸುರುಳಿ ಮಾಡಿದರೆ ಅದೇ ಒಂದು ಬಿಗಿಪಟ್ಟಿಯಾಗುತ್ತದೆ. ಆದ್ದರಿಂದ ಹೆಣ್ಣುಮಕ್ಕಳಿಗೆ ಪರದೆಯ ಮರೆ, ಅಳೆಯಲು ಹೆಣ್ಣುಮಗಳೇ ಇರುವುದು ಒಳ್ಳೆಯದು. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ, ಮುಂಗೈ ಮೇಜಿನ ಮೇಲೆ ಎದೆಯ ಮಟ್ಟದಲ್ಲಿ ಸಡಿಲವಾಗಿ ಇರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಹಾಕಿದರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ. ಯಂತ್ರ ನಡೆಯುವಾಗ ಅವರೂ ಮಾತಾಡಬಾರದು, ನೀವೂ ಪ್ರಶ್ನೆ ಕೇಳಬಾರದು.

ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಎರಡರ ಸರಾಸರಿ ಬರೆಯಿರಿ. ಮೊದಲ ಭೇಟಿಯಲ್ಲಿ ಎರಡೂ ತೋಳುಗಳನ್ನು ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಿ. ಯಂತ್ರ ಮತ್ತೆಮತ್ತೆ ಎರರ್ ತೋರಿಸಿದರೆ ಬ್ಯಾಟರಿಯನ್ನು ಬೈಯುವ ಮೊದಲು ಮಣಿಕಟ್ಟಿನ ನಾಡಿ ಹಿಡಿದು ನೋಡಿ; ಬಡಿತ ಒಮ್ಮೆ ಬೇಗ ಒಮ್ಮೆ ತಡವಾಗಿ ಅಡ್ಡಾದಿಡ್ಡಿಯಾಗಿದ್ದರೆ ಅದು ಹೃದಯದ ಲಯ ತಪ್ಪಿರುವ ಸೂಚನೆಯಾಗಿರಬಹುದು. ಹಿರಿಯರಲ್ಲಿ ಲಕ್ವಾ ತರುವ ಕಾರಣಗಳಲ್ಲಿ ಅದೂ ಒಂದು. ಅಂಥವರನ್ನು ಇಸಿಜಿಗೆ ತಪ್ಪದೆ ಕಳಿಸಬೇಕು.

ಹಿರಿಯರಿಗೆಂದೇ ಇನ್ನೊಂದು ಅಳತೆ ಇದೆ, ಅದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಕುಳಿತಾಗ ಅಳೆದ ಮೇಲೆ ಎದ್ದು ನಿಲ್ಲಿಸಿ, ಒಂದು ಮತ್ತು ಮೂರನೆಯ ನಿಮಿಷದಲ್ಲಿ ಪುನಃ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ಅವರು ಏಳುವಾಗ ತಲೆ ತಿರುಗಿ ಬೀಳುವ ಅಪಾಯವಿದೆ. ಈಗಾಗಲೇ ಬಿಪಿ ಗುಳಿಗೆ ನುಂಗುವವರಲ್ಲಿ, ಅದರಲ್ಲೂ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿಯುವವರಲ್ಲಿ, ಇದನ್ನು ತಪ್ಪದೆ ನೋಡಿ. ಗುಳಿಗೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ಈ ಅಂಕಿಗಳನ್ನು ತೋರಿಸಲು ಹೇಳಬೇಕು.

ನಾಲ್ಕನೆಯ ಹಂತ: ಸಕ್ಕರೆ ನೋಡುವುದು

“ಏನೂ ತಿಂದಿಲ್ರಿ, ಬರೇ ಚಾ ಕುಡದೀನಿ” ಎಂಬ ಉತ್ತರಕ್ಕೆ ಸಿದ್ಧರಾಗಿರಿ. ನಮ್ಮ ಕಡೆ ಚಹಾವನ್ನು ತಿಂಡಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಕ್ಕರೆ, ಹಾಲು ಹಾಕಿದ ಚಹಾ ಕುಡಿದರೆ ಅದು ಖಾಲಿ ಹೊಟ್ಟೆಯಲ್ಲ. ಹಿಂದಿನ ಸಂಜೆಯೇ “ನೀರಷ್ಟ ಕುಡೀರಿ, ಚಾ ಬ್ಯಾಡ” ಎಂದು ಆಶಾ ಕಾರ್ಯಕರ್ತೆಯಿಂದ ಮನೆಮನೆಗೆ ಹೇಳಿಸಿ. ಕನಿಷ್ಠ ಎಂಟು ಗಂಟೆ ಏನೂ ಸೇವಿಸದೆ ಇದ್ದರೆ ಮಾತ್ರ ಖಾಲಿ ಹೊಟ್ಟೆ ಎಂದು ಬರೆಯಿರಿ, ಇಲ್ಲದಿದ್ದರೆ ಊಟವಾಗಿ ಎಷ್ಟು ಹೊತ್ತಾಯಿತೆಂದು ಬರೆಯಿರಿ. ಆಗಲೇ ಸಕ್ಕರೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರನ್ನು ಸರತಿಯಲ್ಲಿ ಹಸಿದು ಕಾಯಿಸಬೇಡಿ. ರಮಜಾನ್ ತಿಂಗಳಲ್ಲಿ ಬೆರಳು ಚುಚ್ಚುವುದರಿಂದ ರೋಜಾ ಮುರಿಯುವುದಿಲ್ಲ ಎಂದು ಹಲವು ಧಾರ್ಮಿಕ ವಿದ್ವಾಂಸರು ಹೇಳಿದ್ದಾರೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ತಮ್ಮ ಗುರುಗಳನ್ನು ಕೇಳಲಿ, ಒತ್ತಾಯ ಬೇಡ.

ಬೆಲ್ಲ ಮುರಿದ, ಮಾವಿನಹಣ್ಣು ತಿಂದ, ಪ್ರಸಾದ ಹಿಡಿದ ಕೈಯಲ್ಲಿ ಉಳಿದ ಸಿಹಿ ರಕ್ತದ ಹನಿಗೆ ಬೆರೆತರೆ ಯಂತ್ರ ಅದನ್ನೂ ಎಣಿಸುತ್ತದೆ. ಸೋಪು ನೀರಿನಿಂದ ಕೈ ತೊಳೆಸಿ, ಪೂರ್ತಿ ಒರೆಸಿ. ಒದ್ದೆ ಬೆರಳಿನ ನೀರು ರಕ್ತವನ್ನು ತೆಳುವಾಗಿಸಿ ಅಂಕಿ ಕಡಿಮೆ ತೋರಿಸುತ್ತದೆ. ಕುಡುಗೋಲು, ಕಳೆಗುದ್ದಲಿ ಹಿಡಿದು ಬೆರಳ ತುದಿ ಜಡ್ಡುಗಟ್ಟಿರುವುದರಿಂದ ಉಂಗುರ ಬೆರಳಿನ ಪಕ್ಕದಲ್ಲಿ ಚುಚ್ಚಿ. ನೋವೂ ಕಡಿಮೆ, ಹನಿಯೂ ಸುಲಭ. ಹನಿ ಬರದಿದ್ದರೆ ಕೈಯನ್ನು ಕೆಳಗೆ ಇಳಿಬಿಟ್ಟು ಅಂಗೈ ಉಜ್ಜಿ, ಬೆರಳನ್ನು ಹಾಲು ಹಿಂಡುವಂತೆ ಹಿಂಡಬೇಡಿ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಯಾವ ಕಾರಣಕ್ಕೂ ಸಲ್ಲದು. ಅದನ್ನು ಅವರ ಕಣ್ಣೆದುರೇ ಡಬ್ಬಿಗೆ ಹಾಕುವುದರಿಂದ ನಂಬಿಕೆಯೂ ಬೆಳೆಯುತ್ತದೆ.

ಹಿರಿಯರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸರಿಯಿದ್ದು ಊಟದ ಎರಡು ಗಂಟೆಯ ನಂತರದ್ದು ಮಾತ್ರ ಏರಿರುವುದು ಸಾಮಾನ್ಯ. ಆದ್ದರಿಂದ ಬೆಳಗಿನ ಒಂದೇ ಅಂಕಿ ನೋಡಿ “ನಿಮಗ ಶುಗರ್ ಇಲ್ಲ” ಎಂದು ಬಿಡಬಾರದು. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಉಪಯುಕ್ತವೇ, ಆದರೆ ರಕ್ತಹೀನತೆ ಇದ್ದಾಗ ಅದು ದಾರಿ ತಪ್ಪಿಸಬಹುದು. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಹೆಚ್ಚಾಗಿ ಕಾಣುವುದರಿಂದ ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನೂ ವೈದ್ಯರ ಗಮನಕ್ಕೆ ತರುವುದು ಒಳ್ಳೆಯದು.

ಐದನೆಯ ಹಂತ: ಅಂಕಿಯನ್ನು ಅವರ ಕೈಗೆ ಕೊಡುವುದು

ಅಂಕಿ ಹೇಳಿ ಮುಂದಿನವರನ್ನು ಕರೆಯುವುದು ಶಿಬಿರಗಳ ರೂಢಿ, ಅದು ತಿಳಿವಳಿಕೆಯಲ್ಲ. ಅಂಗೈಯಗಲದ ದಪ್ಪ ಕಾರ್ಡಿನ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಹೆಸರು, ದಿನಾಂಕ, ಅಂಕಿ, ಮುಂದೆ ಯಾವಾಗ ಎಲ್ಲಿ ಎಂಬುದನ್ನು ಬರೆದುಕೊಡಿ. ಓದು ಬಾರದವರಿಗೆ ಹಸಿರು, ಹಳದಿ, ಕೆಂಪು ಚುಕ್ಕೆ ಇಡಿ. ಬಳಿಕ ಅವರಿಂದಲೇ ಹೇಳಿಸಿ: “ನಿಮ್ಮ ಬಿಪಿ ಎಷ್ಟು ಬಂತವ್ವಾ?” ಮೂರು ಸಲ ಹೇಳಿದರೆ ಸ್ವಂತ ಎಕರೆಯ ಲೆಕ್ಕದಂತೆ ಅದು ನೆನಪಿನಲ್ಲಿ ಉಳಿಯುತ್ತದೆ. ಮಕ್ಕಳು ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋಗಿರುವ ಮನೆಗಳು ನಮ್ಮಲ್ಲಿ ಹಲವು. ಹಿರಿಯರ ಒಪ್ಪಿಗೆ ಪಡೆದು ಕಾರ್ಡಿನ ಫೋಟೊವನ್ನು ಮಗನಿಗೋ ಮಗಳಿಗೋ ವಾಟ್ಸಪ್‌ನಲ್ಲಿ ಕಳಿಸಿ. ದೂರದಿಂದ ಬರುವ “ಯವ್ವಾ, ದವಾಖಾನಿಗೆ ಹೋಗಿ ಬಂದೇನು?” ಎಂಬ ಒಂದು ಫೋನು ನಮ್ಮ ಹತ್ತು ಮಾತಿಗೆ ಸಮ.

ಬಿಪಿಯ ಅಂಕಿಗಳನ್ನು ಹೀಗೆ ತಿಳಿಸಿ. 120/80ಕ್ಕಿಂತ ಕಡಿಮೆ ಇದ್ದರೆ ಚೆನ್ನಾಗಿದೆ, ವರ್ಷಕ್ಕೊಮ್ಮೆ ನೋಡಿದರೆ ಸಾಕು. ಅದಕ್ಕಿಂತ ಮೇಲೆ, 140/90ಕ್ಕಿಂತ ಕೆಳಗೆ ಇದ್ದರೆ ಎಚ್ಚರ ಬೇಕು, ಕೆಲವು ತಿಂಗಳಲ್ಲಿ ಪುನಃ ಅಳೆಸಬೇಕು. ಆರೋಗ್ಯ ಕೇಂದ್ರದಲ್ಲಿ ಬೇರೆಬೇರೆ ದಿನ ನೋಡಿದಾಗಲೂ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಅದು ಅಧಿಕ ರಕ್ತದೊತ್ತಡ. ಮನೆಯಲ್ಲಿ ನೆಮ್ಮದಿಯಿಂದ ಅಳೆದ ಅಂಕಿಗೆ ಆ ಗಡಿ 135/85. “ವಯಸ್ಸಿಗೆ ನೂರು ಕೂಡಿಸಿದಷ್ಟು ಬಿಪಿ ಇದ್ದರೆ ಸರಿ” ಎಂಬ ಹಳೆಯ ಲೆಕ್ಕ ಇಂದಿಗೂ ಊರೂರಲ್ಲಿ ಓಡಾಡುತ್ತಿದೆ, ಅದು ತಪ್ಪು. ವಯಸ್ಸಾದಂತೆ ರಕ್ತನಾಳಗಳು ಪೆಡಸಾಗಿ ಮೇಲಿನ ಅಂಕಿಯೊಂದೇ ಏರುವುದುಂಟು. 165/75 ಎಂದು ಬಂದಾಗ ಕೆಳಗಿನದು ಸರಿಯಿದೆಯಲ್ಲ ಎಂದು ಸುಮ್ಮನಾಗುವಂತಿಲ್ಲ. 180/110ರ ಮೇಲಿದ್ದರೆ ಅಂದೇ ವೈದ್ಯರನ್ನು ಕಾಣಬೇಕು. ಅದರ ಜೊತೆಗೆ ಎದೆನೋವು, ಉಬ್ಬಸ, ದೃಷ್ಟಿ ಮಂಜಾಗುವುದು ಇದ್ದರೆ 108ಕ್ಕೆ ಕರೆ ಮಾಡಿ. ನಾಲಿಗೆಯ ಕೆಳಗೆ ಗುಳಿಗೆ ಇಟ್ಟು ಬಿಪಿಯನ್ನು ಒಮ್ಮೆಲೇ ಇಳಿಸುವ ಪ್ರಯತ್ನವನ್ನು ಊರಿನಲ್ಲಿ ಯಾರೂ ಮಾಡಬಾರದು, ಮಿದುಳಿಗೆ ರಕ್ತ ಸಾಲದೆ ಅದೇ ಲಕ್ವಾಕ್ಕೆ ದಾರಿಯಾಗಬಹುದು.

ಸಕ್ಕರೆಗೆ ಬಂದರೆ, ಊಟದ ಲೆಕ್ಕವಿಲ್ಲದೆ ಬೆರಳಿನಲ್ಲಿ ನೋಡಿದಾಗ 140ಕ್ಕಿಂತ (ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ) ಹೆಚ್ಚು ಬಂದವರನ್ನೆಲ್ಲ ಮುಂದಿನ ಪರೀಕ್ಷೆಗೆ ಕಳಿಸಬೇಕು. ರೋಗ ನಿರ್ಣಯವಾಗುವುದು ಪ್ರಯೋಗಾಲಯದಲ್ಲಿ, ತೋಳಿನ ರಕ್ತನಾಳದಿಂದ ತೆಗೆದ ರಕ್ತದಿಂದ: ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, 75 ಗ್ರಾಂ ಗ್ಲೂಕೋಸ್ ಕುಡಿಸಿದ ಎರಡು ಗಂಟೆಯ ನಂತರ 200 ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ ಶೇಕಡಾ 6.5 ಅಥವಾ ಹೆಚ್ಚು. ಲಕ್ಷಣಗಳೇನೂ ಇಲ್ಲದವರಲ್ಲಿ ಒಂದೇ ಪರೀಕ್ಷೆಯ ಮೇಲೆ ತೀರ್ಮಾನಿಸದೆ ಪುನಃ ಖಚಿತಪಡಿಸಿಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಇದ್ದವರು ಗಡಿಯಲ್ಲಿದ್ದಾರೆ. ಇವರಿಗೆ ಊಟ, ನಡಿಗೆಯ ಬದಲಾವಣೆಯಿಂದಲೇ ಹಿಂದಕ್ಕೆ ಬರುವ ಅವಕಾಶ ಇರುವುದರಿಂದ ನಾವು ಹೆಚ್ಚು ಹೊತ್ತು ಮಾತಾಡಬೇಕಾದದ್ದು ಇವರೊಡನೆಯೇ.

ಆರನೆಯ ಹಂತ: “ವಯಸ್ಸಾಯ್ತಲ್ರಿ” ಎಂಬ ಮಾತಿನ ಒಳಹೊಕ್ಕು ಕೇಳುವುದು

ಸಕ್ಕರೆ ಕಾಯಿಲೆ ಎಂದರೆ ಬಾಯಾರಿಕೆ, ಹಸಿವು, ಮೂತ್ರ ಹೆಚ್ಚು ಎಂದು ಪುಸ್ತಕ ಹೇಳುತ್ತದೆ. ಹಿರಿಯರಲ್ಲಿ ಬಾಯಾರಿಕೆಯ ಅರಿವೇ ಕುಂದಿರುವುದರಿಂದ ಅದು ಕಾಣದೆ ಇರಬಹುದು. ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ. ರಾತ್ರಿ ಎಷ್ಟು ಸಲ ಏಳುತ್ತೀರಿ? ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗದೆ ಹೋದದ್ದುಂಟೆ? ಪಾದ ಉರಿಯುತ್ತದೆಯೆ, ಜೋಮು ಹಿಡಿಯುತ್ತದೆಯೆ? ಮುಳ್ಳು ಚುಚ್ಚಿದ ಗಾಯ ಎಷ್ಟು ದಿನಕ್ಕೆ ಮಾಯಿತು? ಕುಪ್ಪಸ, ಅಂಗಿ ಈಚೆಗೆ ಸಡಿಲವಾಗಿವೆಯೆ? ಗುಪ್ತಾಂಗದ ತುರಿಕೆಯನ್ನು ಹೆಣ್ಣುಮಕ್ಕಳು ತಾವಾಗಿ ಹೇಳುವುದಿಲ್ಲ, ಮರೆಯಲ್ಲಿ ಹೆಣ್ಣುಮಗಳೇ ಕೇಳಬೇಕು. ಎರಡು ವಾರ ಮೀರಿದ ಕೆಮ್ಮು ಇದ್ದರೆ ಕಫ ಪರೀಕ್ಷೆಯೂ ಆಗಲಿ, ಏಕೆಂದರೆ ಸಕ್ಕರೆ ಕಾಯಿಲೆ ಇರುವವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು. ಮೂತ್ರಕ್ಕೆ ಇರುವೆ ಮುತ್ತಿದರೆ ಮಾತ್ರ ಸಕ್ಕರೆ ಕಾಯಿಲೆ ಎಂದು ಕಾಯುವವರಿಗೆ, ಇರುವೆ ಬರುವಷ್ಟರಲ್ಲಿ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ ಎಂದು ತಿಳಿಸಿ.

ಸೊಂಟದ ಸುತ್ತಳತೆಯನ್ನು ಹೊಕ್ಕಳ ಮಟ್ಟದಲ್ಲಿ ಟೇಪಿನಿಂದ ನೋಡಿ. ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ಅಪಾಯ ಹೆಚ್ಚು. ಕೈಕಾಲು ಸಣಕಲಾಗಿ ಹೊಟ್ಟೆ ಮಾತ್ರ ಮುಂದೆ ಬಂದವರನ್ನು “ತೆಳ್ಳಗಿದ್ದಾರೆ” ಎಂದು ಬಿಡಬೇಡಿ.

ಏಳನೆಯ ಹಂತ: ಅಂಜಿಕೆಗಳಿಗೆ ಉತ್ತರ

“ಗುಳಿಗಿ ಒಮ್ಮೆ ಶುರು ಮಾಡಿದ್ರ ಸಾಯೂತನಕ ಬಿಡಂಗಿಲ್ಲ” ಎಂಬುದು ಅತಿ ದೊಡ್ಡ ಅಂಜಿಕೆ. ಸುಳ್ಳು ಸಮಾಧಾನ ಹೇಳಬೇಡಿ. ಹೆಚ್ಚಿನವರು ಬಹುಕಾಲ ನುಂಗಬೇಕಾಗುತ್ತದೆ ಎಂದು ಒಪ್ಪಿಕೊಂಡು, ಗುಳಿಗೆ ರೋಗವನ್ನು ಹಿಡಿದಿಡುತ್ತದೆಯೇ ಹೊರತು ರೋಗವನ್ನು ತರುವುದಿಲ್ಲ ಎಂದು ವಿವರಿಸಿ. ಖರ್ಚಿನ ಚಿಂತೆ ಇದ್ದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಗುಳಿಗೆಗಳನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆಯೆಂದು ತಿಳಿಸಿ. ಇನ್ನೊಂದು ಅಂಜಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಕಾಯಿಲೆ ಇದೆಯೆಂದರೆ ಮನೆಯಲ್ಲಿ ತಟ್ಟೆ ಬೇರೆಯಾಗುತ್ತದೆ, ಹಬ್ಬದ ಹೋಳಿಗೆ ತಪ್ಪುತ್ತದೆ, ತಾವು ಭಾರವಾಗುತ್ತೇವೆ. ಇದನ್ನು ಅರಿತು ಮಗ ಸೊಸೆಯರೊಡನೆಯೂ ಪ್ರತ್ಯೇಕವಾಗಿ ಮಾತಾಡಬೇಕು. ಹಿರಿಯರ ಊಟವನ್ನು ಪ್ರತ್ಯೇಕಿಸುವುದಕ್ಕಿಂತ ಮನೆಯವರೆಲ್ಲರ ಉಪ್ಪು, ಎಣ್ಣೆ ಕಡಿಮೆಯಾಗುವುದು ಎಲ್ಲರಿಗೂ ಒಳ್ಳೆಯದು.

ಊಟದ ಬಗ್ಗೆ ಇಲ್ಲಿ ಎರಡೇ ಮಾತು. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ ಒಂದು ಚಹಾ ಚಮಚ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಮಂಡಕ್ಕಿಯ ಜೊತೆಗಿನ ಮಿರ್ಚಿ ಭಜಿ ಇವುಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರಬೇಕು. ಜೋಳದ ರೊಟ್ಟಿ ತಿನ್ನುವವರಿಗೆ ಶುಗರ್ ಬರುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ಬಿಳಿ ಅನ್ನಕ್ಕಿಂತ ರೊಟ್ಟಿ ಮೇಲು, ಆದರೆ ಅದರಲ್ಲಿಯೂ ಪಿಷ್ಟವಿದೆ, ಪ್ರಮಾಣ ಮುಖ್ಯ. ರೊಟ್ಟಿ ಒಂದು ಕಡಿಮೆಯಾಗಿ ಪುಂಡಿಪಲ್ಯ, ಕಾಳುಪಲ್ಯ ಹೆಚ್ಚಾಗಲಿ.

ಎಂಟನೆಯ ಹಂತ: ಎರಡನೆಯ ಅಳತೆ

ಒಂದು ನೋಟುಪುಸ್ತಕದಲ್ಲಿ ಹೆಸರಿನ ಮುಂದೆ ಎರಡು ಕಲಂ ಹಾಕಿ: ಮೊದಲ ಅಳತೆ, ಎರಡನೆಯ ಅಳತೆ. ಎರಡನೆಯದು ಖಾಲಿ ಇರುವವರೆಗೆ ಆ ಹೆಸರಿನ ಕೆಲಸ ಮುಗಿದಿಲ್ಲ. ಅಂಕಿ ಹೆಚ್ಚಿದ್ದವರು ಒಂದೆರಡು ವಾರದೊಳಗೆ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ ತಲುಪಬೇಕು. “ಹೋಗ್ರಿ” ಎಂದು ಹೇಳುವುದಕ್ಕೂ “ಮಂಗಳವಾರ ಮುಂಜಾನೆ ಬಸ್ಸಿಗೆ ಹೋಗೂಣು, ನಾನೂ ಬರ್ತೀನಿ” ಎನ್ನುವುದಕ್ಕೂ ಬಹಳ ಅಂತರವಿದೆ. ನಾಲ್ಕೈದು ಜನರನ್ನು ಒಟ್ಟಿಗೆ ಕರೆದೊಯ್ದರೆ ಸಂಕೋಚ ಕಡಿಮೆ, ಪರೀಕ್ಷೆಯ ನಂತರ ತಿನ್ನಲು ಬುತ್ತಿಯನ್ನೂ ಕಟ್ಟಿಸಿ.

ಕಾಯಿಲೆ ಖಚಿತವಾದವರಿಗೆ ಮೂತ್ರದಲ್ಲಿನ ಪ್ರೋಟೀನ್, ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್, ಇಸಿಜಿ, ಪಾದದ ಸ್ಪರ್ಶಜ್ಞಾನ ಮತ್ತು ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡುವ ಪರೀಕ್ಷೆ ಆಗಬೇಕು. ಕೊಪ್ಪಳ, ರಾಯಚೂರು ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿರುವುದರಿಂದ ತಾಲೂಕಿನಲ್ಲಿ ಆಗದ ಪರೀಕ್ಷೆಗೆ ದೂರದ ಊರು ಹುಡುಕಬೇಕಿಲ್ಲ. ಮಾಹಿತಿ ಬೇಕಾದವರು 104 ಆರೋಗ್ಯ ಸಹಾಯವಾಣಿಗೆ, ಹಿರಿಯರ ಇತರ ತೊಂದರೆಗಳಿಗೆ 14567ಕ್ಕೆ ಕರೆ ಮಾಡಬಹುದು.

ಕಾರ್ಡಿನ ಹಿಂಬದಿಯಲ್ಲಿ ಎರಡು ತುರ್ತು ಸೂಚನೆ ಬರೆಯಿರಿ. ಬಾಯಿ ಸೊಟ್ಟಗಾದರೆ, ಒಂದು ಕೈ ಬಲ ಕಳೆದುಕೊಂಡರೆ, ಮಾತು ತೊದಲಿದರೆ ನಾಟಿ ಔಷಧಿಯ ಊರಿಗಲ್ಲ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಇರುವ ಅವಧಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ ಮಾತ್ರ. ಸಕ್ಕರೆ ಗುಳಿಗೆ ನುಂಗುವವರು ಬೆವತು, ನಡುಗಿ, ಗಲಿಬಿಲಿಗೊಂಡರೆ ಸಕ್ಕರೆ ಇಳಿದಿದೆ ಎಂದು ತಿಳಿದು, ನುಂಗುವ ಸ್ಥಿತಿಯಲ್ಲಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಪುನಃ ನೋಡಿ.

ನಿಗದಿಯಾದ ದಿನ ಬಾರದವರ ಮನೆಗೆ ಅದೇ ಸಂಜೆ ಹೋಗಿ, ಬಾರದ ಕಾರಣವನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. “ಎಮ್ಮಿ ಈದಿತ್ತು”, “ಬಸ್ಸಿಗೆ ರೊಕ್ಕ ಇದ್ದಿಲ್ಲ”, “ಜೊತಿಗೆ ಯಾರೂ ಇದ್ದಿಲ್ಲ” ಎಂಬ ಈ ಕಾರಣಗಳಲ್ಲಿ ಬಹುಪಾಲು ಮುಂದಿನ ಮಂಗಳವಾರದೊಳಗೆ ಬಗೆಹರಿಯುವಂಥವೇ. ಮನೆ ಬಿಟ್ಟು ಬರಲಾಗದವರ ಹೆಸರಿಗೆ ಗುರುತು ಹಾಕಿ, ಆಶಾ ಕಾರ್ಯಕರ್ತೆಯ ಮೂಲಕ ಸಮುದಾಯ ಆರೋಗ್ಯಾಧಿಕಾರಿಯನ್ನೇ ಅವರ ಮನೆಗೆ ಬರಹೇಳಿ ಎರಡನೆಯ ಕಲಂ ತುಂಬಿಸಿ.